ಬೀಡಿ ಸುಟ್ಟ ಗಾಯ

ದರ್ಬೆ, ಪುತ್ತೂರು
14 ಅಕ್ಟೋಬರ್ 2025

ಪ್ರೀತಿಯ ತ್ಯಾಂಪಣ್ಣ,

ಸಲಾಂ, ನಮಸ್ಕಾರ, ಎರಡೂ ಇರಲಿ. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು, ಉತ್ತರ ಬರೆದಿಲ್ಲ. ಕಳೆದ ವಾರ ಕೆಲಸದ ಮೇಲೆ ಸಂಪಾಜೆಗೆ ಬಂದಿದ್ದೆ, ನಿನ್ನ ಗೇಟಿನ ಮುಂದೆಯೇ ಕಾರು ಹೋಯಿತು, ಇಳಿಯಲಿಲ್ಲ. ಬೈಯುವುದಿದ್ದರೆ ಪತ್ರ ಪೂರ್ತಿ ಓದಿ ಬೈ. ಅರುವತ್ತೆಂಟನೆಯ ವಯಸ್ಸಿನಲ್ಲಿ ನಾನು ಹೊಸದಾಗಿ ಕಾಲೇಜಿಗೆ ಸೇರಿದ ಹುಡುಗನ ಹಾಗೆ ಓಡಾಡುತ್ತಿದ್ದೇನೆ.

ಕಾರಣ ಪ್ರೀತಿಕಾ ಎಂಬ ಹುಡುಗಿ. ಎಂಬಿಬಿಎಸ್ ಮುಗಿಸಿದ್ದಾಳೆ. ಮುಂದೆ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತ ಸಂಶೋಧನೆಯನ್ನೂ ಮಾಡುವ ಡಾಕ್ಟರಾಗಬೇಕಂತೆ. ಅಂಥವರಿಗೆ ಅವಳ ಕಾಲೇಜು ಒಂದು ವರ್ಷ ಕೊಡುತ್ತದೆ. ಹಿರಿಯ ವೈದ್ಯರ ಜೊತೆಗಿದ್ದು, ರೋಗಿಗಳನ್ನು ನೋಡುತ್ತಲೇ ಸಂಶೋಧನೆ ಕಲಿಯಬೇಕು. ಮಂಗಳೂರಿನಲ್ಲಿ ಅವಳಿಗೆ ಪ್ರೊಫೆಸರ್ ಇದ್ದಾರೆ, ಊರಿನ ಗುರು ನಾನು. ಎಂತ ಗುರು, ಮೊದಲ ದಿನವೇ ನನ್ನ ಬರಹ ಓದಲಾಗದೆ, "ಸರ್, ಇದು ಕನ್ನಡವಾ, ಇಂಗ್ಲಿಷಾ?" ಎಂದು ಕೇಳಿದಳು.

ಅವಳ ವಿಷಯ ಸ್ಕ್ರಬ್ ಟೈಫಸ್. ಪೊದೆಗಳಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಕಚ್ಚಿ ಬರುವ ಜ್ವರ. ಕಚ್ಚಿದಲ್ಲಿ ನೋವಿಲ್ಲದ ಕಪ್ಪು ಹಕ್ಕಳೆಯೊಂದು ಕಟ್ಟುತ್ತದೆ. ಗುರುತು ಸಿಕ್ಕಿದರೆ ಸಾಮಾನ್ಯ ಮಾತ್ರೆಯಲ್ಲಿ ಗುಣ, ಸಿಗದಿದ್ದರೆ ಜೀವಕ್ಕೇ ಅಪಾಯ. ಇದು ನಮ್ಮ ಊರಿಗೆ ಈಚೆಗೆ ಬಂದದ್ದು ಎಂದುಕೊಂಡಿದ್ದೆ. ಅವಳು ನನ್ನ ಹಳೆಯ ಕೇಸ್ ಪುಸ್ತಕಗಳನ್ನೆಲ್ಲ ಅಟ್ಟದಿಂದ ಇಳಿಸಿದಳು. ಗಾಯ ಕಂಡರೆ ಚಿತ್ರ ಬರೆದಿಡುವ ಹುಚ್ಚು ನನಗಿತ್ತಲ್ಲ? ಎರಡು ದಿನ ಕಳೆದು ಹದಿನೇಳು ಪುಟಗಳಿಗೆ ಚೀಟಿ ಸಿಕ್ಕಿಸಿ ತಂದಳು. ಎಲ್ಲದರಲ್ಲೂ ಜ್ವರ, ಎಲ್ಲದರಲ್ಲೂ ಅದೇ ಹಕ್ಕಳೆಯ ಚಿತ್ರ, ಕೆಳಗೆ ನನ್ನದೇ ಅಕ್ಷರ: ಬೀಡಿ ಸುಟ್ಟ ಗಾಯ. ಮನೆಮನೆಯಲ್ಲಿ ಬೀಡಿ ಇರುವ ಊರಿನ ಡಾಕ್ಟರಿಗೆ ಬೇರೇನು ಹೊಳೆದೀತು?

ನಾಚಿಕೆಯಾಯಿತು, ನಿಜ. ಆದರೆ ಆ ಹುಡುಗಿಯ ಮುಖ ನೀನು ನೋಡಬೇಕಿತ್ತು. "ಸರ್, ಮೂವತ್ತು ವರ್ಷದ ಹಿಂದೆಯೇ ಇಲ್ಲಿ ಇತ್ತು ಅಂತಾಯ್ತು" ಎಂದು ಕುರ್ಚಿಯಿಂದ ಎದ್ದೇ ನಿಂತಳು. ಆಗ ರಕ್ತಪರೀಕ್ಷೆ ಮಾಡಿಸಿರಲಿಲ್ಲವಾದ್ದರಿಂದ ಖಚಿತ ಎನ್ನುವ ಹಾಗಿಲ್ಲ. ಆದರೂ ಈಗಿನ ರೋಗಿಗಳ ಫೋಟೋದ ಪಕ್ಕ ಇಟ್ಟು ನೋಡಿದರೆ ಸಂಶಯ ಉಳಿಯುವುದಿಲ್ಲ. ಖುಷಿಯಲ್ಲಿ ನಾನು ಅವತ್ತು ಊಟ ಮಾಡುವುದನ್ನೇ ಮರೆತೆ.

ಹಳೆಯ ಪುಟ ಬಳಸಲು ಆ ರೋಗಿಯ ಅಥವಾ ಮನೆಯವರ ಸಹಿ ಬೇಕು. ಹಾಗಾಗಿ ಇಬ್ಬರೂ ತಿರುಗಾಟಕ್ಕೆ ಹೊರಟೆವು. ರೋಗಿಯ ಹೆಸರು ಹೇಳಬಾರದು, ಆದರೆ ಕಡಬದ ಮೂಸಕುಂಞಿ ತಾನೇ ಪೇಟೆಯಿಡೀ ಹೇಳಿಕೊಂಡು ಬಂದಿದ್ದಾನೆ. ಪೆನ್ನು ಹಿಡಿದವನು ನನ್ನನ್ನು ನೋಡಿ, "ಡಾಕ್ಟ್ರೇ, ಅವತ್ತು ಎಷ್ಟು ಸಲ ಹೇಳಿದ್ದು ನಾನು? ನಾನು ಬೀಡಿ ಎಳೆಯುದೇ ಇಲ್ಲ ಮಾರಾಯ್ರೆ. ನೀವು ಕೇಳ್ಬೇಕಲ್ಲ" ಎಂದ. ಪ್ರೀತಿಕಾ ಮುಖ ತಿರುಗಿಸಿ ನಕ್ಕಳು. ಸುಬ್ರಹ್ಮಣ್ಯದ ಲಾಡ್ಜೊಂದರಲ್ಲಿ ಕೆಲಸಕ್ಕಿರುವ ಅಪ್ಪಿ, ಆ ಜ್ವರದಲ್ಲೇ ಹೋದ ತನ್ನ ಅಮ್ಮನ ಪುಟವನ್ನು ತುಂಬ ಹೊತ್ತು ನೋಡಿ, "ಅಮ್ಮನ ಒಂದು ಫೋಟೋ ಸಹ ಇಲ್ಲ ನಮ್ಮಲ್ಲಿ. ಇದರ ಜೆರಾಕ್ಸ್ ಒಂದು ಕೊಡ್ತೀರಾ?" ಎಂದಳು. ಅದರಲ್ಲಿದ್ದದ್ದು ಒಂದು ಭುಜದ ಚಿತ್ರ, ಅಷ್ಟೆ.

ಹದಿನಾರು ಸಹಿ ಆಯಿತು, ಒಂದು ಬಾಕಿ. ತಿಂಗಳ ಕೊನೆಗೆ ಅವಳ ವರದಿ ಹೋಗಬೇಕು. ಆ ಒಂದನ್ನು ಬಿಟ್ಟುಬಿಡುವ ಎಂದೆ. "ಮನೆಯವರು ಬೇಡ ಅಂದ್ರೆ ಬಿಡುವ ಸರ್. ಕೇಳದೆ ಬಿಡುದು ಹೇಗೆ? ಮತ್ತೆ ಹದಿನಾರೇ ಇದ್ದದ್ದು ಅಂತ ಸುಳ್ಳು ಬರೀಬೇಕಲ್ಲ" ಎಂದಳು. ಸಿಟ್ಟು ಬಂತು, ಅದರ ಹಿಂದೆಯೇ ಹೆಮ್ಮೆಯೂ ಬಂತು. ಇಂಥ ಒಬ್ಬಳು ಆಗ ನನ್ನ ಪಕ್ಕದಲ್ಲಿ ಇರಬೇಕಿತ್ತು.

ಮೊಣಕಾಲಿನ ವ್ಯಾಯಾಮ ಬಿಡಬೇಡ. ಮಗ ಸಂಪ್ರೀತನಿಗೂ ಅವನ ಮಕ್ಕಳಿಗೂ ನನ್ನ ಆಶೀರ್ವಾದ. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ
ಇಬ್ರಾಹಿಂ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಹದಿನೇಳನೆಯ ಪುಟ ನಿನ್ನ ಮಗಳು ಮೂಕಾಂಬಿಕಾಳದ್ದು. 1998, ಹನ್ನೊಂದು ವರ್ಷ, ಆರು ದಿನದ ಜ್ವರ, ಕಿವಿಯ ಹಿಂದೆ ಹಕ್ಕಳೆ. "ಮಗು ಹತ್ತಿರ ಇರುವಾಗಲಾದರೂ ಬೀಡಿ ಬಿಸಾಡುದಲ್ವಾ?" ಎಂದು ಅವತ್ತು ನಿನ್ನ ಹೆಂಡತಿಯ ಎದುರೇ ನಿನ್ನನ್ನು ಬೈದೆ. ನೀನು ತುಟಿ ಬಿಚ್ಚಲಿಲ್ಲ. ಆ ಜ್ವರದಲ್ಲೇ ಮೂಕಾಂಬಿಕಾ ಹೋದ ಮೇಲೆ ನೀನು ಮತ್ತೆ ಬೀಡಿ ಮುಟ್ಟಲಿಲ್ಲ. ಕೊನೆಯ ದಿನಗಳಲ್ಲಿ ಮಗಳನ್ನು ಸುಟ್ಟೆ ಎಂದು ಇಪ್ಪತ್ತೇಳು ವರ್ಷ ನೀನು ನಂಬಿಕೊಂಡು ಬಂದೆ. ಆ ಗಾಯ ನಿನ್ನಿಂದಾದದ್ದಲ್ಲ. ಫಾರ್ಮ್ ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ಸಹಿ ಹಾಕುವುದೋ ಹರಿದು ಬಿಸಾಡುವುದೋ, ನಿನಗೆ ಬಿಟ್ಟದ್ದು. ಆ ಸಾಮಾನ್ಯ ಮಾತ್ರೆ, ತ್ಯಾಂಪಣ್ಣ, ಅವತ್ತೂ ನನ್ನ ಕಪಾಟಿನಲ್ಲಿ ಇತ್ತು.