ಬಿಳಿಗೆರೆಯ ಆಚೆ ಬಿದ್ದ ನಮ್ಮ ಚಿಕ್ಕಮ್ಮ

ಮಾನ್ಯ ಶಾಸಕರೇ,

ತಾವು ನಮ್ಮ ಚಿಕ್ಕಮ್ಮನ ಕೈ ಹಿಡಿದು ರಸ್ತೆ ದಾಟಿಸಿ, ಫೋಟೋ ತೆಗೆಸಿಕೊಂಡು, ಅವರನ್ನು ಆ ಬದಿಯಲ್ಲೇ ಬಿಟ್ಟು ಹೋದಿರಿ. ಅವರಿಗೆ ಅವತ್ತು ರಸ್ತೆ ದಾಟುವ ಕೆಲಸವೇ ಇರಲಿಲ್ಲ. ವಾಪಸ್ಸು ಬರುವಾಗ ಸ್ಕೂಟರೊಂದು ಗುದ್ದಿ ಅವರ ಸೊಂಟದ ಮೂಳೆ ಮುರಿಯಿತು. ನನ್ನ ದೂರು ಇಷ್ಟೇ. ಇದನ್ನು ತಮ್ಮ ಕಚೇರಿಯಲ್ಲಿ ಬಾಯಿಮಾತಿನಲ್ಲಿ ಹೇಳಿ ನೋಡಿದೆ, ಅರ್ಜಿ ಬರೆದುಕೊಟ್ಟು ನೋಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವಾದ್ದರಿಂದ ಈಗ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ.

ಬಹುಶಃ ಅಷ್ಟಕ್ಕೇ ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಮೊನ್ನೆ ತಮ್ಮ ‘ಆರೋಗ್ಯ ಮತ್ತು ಸುರಕ್ಷತೆ: ಕ್ಷೇತ್ರದ ಜನತೆಗೆ ವರದಿ’ ನಮ್ಮ ಅಂಗಡಿಯ ಬಾಗಿಲ ಸಂದಿಯಿಂದ ಒಳಗೆ ಬಂತು. ಕಾಗದ ಬಹಳ ಚೆನ್ನಾಗಿದೆ. ನಾನು ಹೊಲಿಗೆಯವಳು, ಬಟ್ಟೆಯಾಗಲಿ ಕಾಗದವಾಗಲಿ ಬೆರಳಲ್ಲಿ ಉಜ್ಜಿ ನೋಡುವುದು ನನ್ನ ಚಾಳಿ. ಮುಖಪುಟದಲ್ಲಿ ತಾವು. ತಿರುಗಿಸಿದರೆ ತಾವು ರಕ್ತದೊತ್ತಡ ನೋಡಿಸಿಕೊಳ್ಳುತ್ತಿದ್ದೀರಿ. ಇನ್ನೊಂದು ಪುಟದಲ್ಲಿ ಹೆಲ್ಮೆಟ್ ಹಾಕಿಕೊಂಡು, ಸ್ಟ್ಯಾಂಡು ಹಾಕಿ ನಿಲ್ಲಿಸಿದ ಗಾಡಿಯ ಮೇಲೆ ಕೂತಿದ್ದೀರಿ. ಮತ್ತೊಂದರಲ್ಲಿ ಸೊಳ್ಳೆ ಹೊಗೆಯ ಯಂತ್ರವನ್ನು ಹೆಗಲಿಗೇರಿಸಿಕೊಂಡು ಸೊಳ್ಳೆಯನ್ನು ಬಿಟ್ಟು ಕ್ಯಾಮೆರಾವನ್ನು ನೋಡುತ್ತಿದ್ದೀರಿ. ಕ್ಷೇತ್ರದ ಆರೋಗ್ಯ ಹೇಗಿದೆಯೋ ಗೊತ್ತಾಗಲಿಲ್ಲ, ತಮ್ಮ ಆರೋಗ್ಯವಂತೂ ಚೆನ್ನಾಗಿದೆಯೆಂದು ತಿಳಿದು ಸಮಾಧಾನವಾಯಿತು. ನಡುವಿನ ಎರಡೂ ಪುಟ ಸೇರಿಸಿ ದೊಡ್ಡದಾಗಿ ಹಾಕಿರುವ ಫೋಟೋದಲ್ಲಿ ತಮ್ಮ ಜೊತೆ ನಮ್ಮ ಚಿಕ್ಕಮ್ಮ. ಕೆಳಗೆ ಬರೆದಿದೆ: ‘ಸುರಕ್ಷಿತ ದಾರಿ, ಹಿರಿಯರ ಮೊಗದಲ್ಲಿ ನಗು.’

ಶಾಸಕರೇ, ಅದು ನಗುವಲ್ಲ. ಅವರು ಬಾಯಿ ತೆರೆದಿರುವುದು ‘ಇಸ್ತ್ರಿ, ಇಸ್ತ್ರಿ’ ಎಂದು ಕೂಗುವುದಕ್ಕೆ.

ತಮಗೆ ನೆನಪಿರಲಾರದು, ನಾನೇ ಹೇಳುತ್ತೇನೆ. ನಮ್ಮದು ಒಂದೇ ಬಾಗಿಲಿನ ಅಂಗಡಿ. ಒಳಗೋಡೆಗೆ ಒತ್ತಿಕೊಂಡು ನನ್ನ ಹೊಲಿಗೆ ಯಂತ್ರ, ರಸ್ತೆಯ ಕಡೆಗೆ ಚಿಕ್ಕಮ್ಮನ ಇಸ್ತ್ರಿ ಮೇಜು. ಅವತ್ತು ಬೆಳಿಗ್ಗೆ ತಮ್ಮ ಕಡೆಯವರು ಇಬ್ಬರು ಬಂದು ಇಣುಕಿದರು. ಒಬ್ಬ ಕ್ಯಾಮೆರಾದವನು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇವರು ಬೇಡ, ಇನ್ನೂ ಗಟ್ಟಿಮುಟ್ಟಾಗಿದ್ದಾರೆ” ಅಂದ. ಇನ್ನೊಬ್ಬರು ಚಿಕ್ಕಮ್ಮನ ಕಡೆ ತಿರುಗಿದರು.

“ಅಜ್ಜಿ, ಒಂದ್ನಿಮಿಷ ಬನ್ನಿ. ಸಾಹೇಬ್ರು ನಿಮ್ಮನ್ನ ರಸ್ತೆ ದಾಟಿಸ್ತಾರೆ.”

“ನನಗೆ ಆ ಕಡೆ ಏನೂ ಕೆಲಸ ಇಲ್ವಲ್ಲಪ್ಪ.”

“ಕೆಲಸ ಇಲ್ದಿದ್ರೂ ಪರವಾಗಿಲ್ಲ. ನಮಗೆ ವಯಸ್ಸಾದೋರು ಒಬ್ರು ಬೇಕು.”

“ಅಯ್ಯೋ, ಮೇಜಿನ ಮೇಲೆ ಶರ್ಟಿದೆ, ಇಸ್ತ್ರಿ ಕಾದಿದೆ...”

ಅಷ್ಟರಲ್ಲಿ ತಾವೇ ಬಂದು ಕೈ ಹಿಡಿದಿರಿ. ಶಾಸಕರು ಕೈ ಹಿಡಿದರೆ ಬಿಡಿಸಿಕೊಳ್ಳುವುದು ಹೇಗೆಂದು ಪಾಪ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಗಿರಾಕಿಯೊಬ್ಬರ ರವಿಕೆಗೆ ತೋಳು ಕೂಡಿಸುತ್ತಿದ್ದೆ, ಬಾಯಿ ತುಂಬ ಗುಂಡುಪಿನ್ನು. ಅದನ್ನೆಲ್ಲ ಉಗುಳಿ ಓಡಿಬಂದು ಇಸ್ತ್ರಿ ಎತ್ತುವ ಹೊತ್ತಿಗೆ ಶಾಲೆಯ ಮೇಷ್ಟ್ರೊಬ್ಬರ ಬಿಳಿ ಶರ್ಟಿನ ಬೆನ್ನು ಕಂದು ಬಣ್ಣಕ್ಕೆ ತಿರುಗಿತ್ತು. ಹೊರಗೆ ನೋಡಿದರೆ ಪೊಲೀಸರು ಎರಡೂ ಕಡೆಯ ಗಾಡಿಗಳನ್ನು ತಡೆದು ನಿಲ್ಲಿಸಿದ್ದಾರೆ, ತಾವು ಮದುವಣಿಗನ ಗತ್ತಿನಲ್ಲಿ ನಡೆಯುತ್ತಿದ್ದೀರಿ, ಚಿಕ್ಕಮ್ಮ ಹಿಂದಕ್ಕೆ ತಿರುಗಿ ತಿರುಗಿ ಕೂಗುತ್ತಿದ್ದಾರೆ. ತಮ್ಮ ಕಾರು ಆ ಬದಿಯಲ್ಲಿ ಕಾಯುತ್ತಿತ್ತು. ಹತ್ತಿದಿರಿ, ಹೋದಿರಿ. ಪೊಲೀಸರು ಸೀಟಿ ಊದಿ ತಮ್ಮ ಹಿಂದೆಯೇ ಹೋದರು. ತಡೆದಿಟ್ಟ ಗಾಡಿಗಳೆಲ್ಲ ಒಟ್ಟಿಗೆ ನುಗ್ಗಿದವು. ನಾನು ಈ ಕಡೆಯಿಂದ “ಎತ್ತಿಟ್ಟಿದ್ದೀನಿ ಚಿಕ್ಕಮ್ಮ, ಅಲ್ಲೇ ನಿಲ್ಲು” ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಅವರಿಗೆ ಕೇಳಿಸಲಿಲ್ಲ. ಅಂಗಡಿ ಹೊತ್ತಿಕೊಂಡೀತು ಎಂಬ ಭಯದಲ್ಲಿ ರಸ್ತೆಗೆ ಇಳಿದೇಬಿಟ್ಟರು.

ಈಗ ತಮ್ಮ ವರದಿಗೆ ಬರುತ್ತೇನೆ. ‘ಪಾದಚಾರಿ ಸಿಗ್ನಲ್ ಕಾಮಗಾರಿ ಪೂರ್ಣ’ ಎಂದಿದೆ. ಈ ‘ಪೂರ್ಣ’ವನ್ನು ದಿನವೂ ನೋಡುವವಳು ನಾನು. ನಮ್ಮ ರಸ್ತೆಯ ನಡುವಿನ ಬಿಳಿಗೆರೆ ಎರಡು ಕ್ಷೇತ್ರಗಳ ಗಡಿ. ಈಚೆಗೆ ತಾವು, ಆಚೆಗೆ ಇನ್ನೊಬ್ಬ ಶಾಸಕರು. ಆದ್ದರಿಂದ ಜೀಬ್ರಾ ಪಟ್ಟೆ ನಮ್ಮ ಬಾಗಿಲಿನಿಂದ ಹೊರಟು, ನಡುಗೆರೆ ಬಂದ ಕೂಡಲೇ ನಿಂತಿದೆ. ಸಿಗ್ನಲ್ ಕಂಬವೂ ಈ ಬದಿಯಲ್ಲಿ ಒಂದೇ. ನಡೆಯುವವರ ದೀಪ ಹಸಿರಾದರೆ ಈ ಅರ್ಧದ ಗಾಡಿಗಳು ನಿಲ್ಲುತ್ತವೆ, ಆ ಅರ್ಧದವು ತಮ್ಮ ಪಾಡಿಗೆ ತಾವು ಓಡುತ್ತವೆ. ಜನ ನಡುರಸ್ತೆಯವರೆಗೆ ಸುರಕ್ಷಿತವಾಗಿ ಹೋಗಿ, ಅಲ್ಲಿ ನಿಂತು ಮುಂದೇನೆಂದು ಯೋಚಿಸಬೇಕು. ಅರ್ಧ ತೋಳು ಹೊಲಿದು ‘ಶರ್ಟು ಪೂರ್ಣ’ ಎಂದು ನಾನು ಗಿರಾಕಿಗೆ ಕೊಟ್ಟರೆ ಅವರು ಸುಮ್ಮನಿರುತ್ತಾರೆಯೇ?

ಅದರ ಕೆಳಗಿನ ಸಾಲು ಇನ್ನೂ ಚಂದ: ‘ಈ ದಾಟುದಾರಿಯಲ್ಲಿ ಅಪಘಾತ: ಸೊನ್ನೆ.’ ಇದನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ವರದಿ ಹಿಡಿದುಕೊಂಡೇ ತಮ್ಮ ಕಚೇರಿಗೆ ಬಂದೆ. ತಮ್ಮ ಆಪ್ತ ಸಹಾಯಕರು ಗೋಡೆಯ ನಕ್ಷೆಯ ಹತ್ತಿರ ಕರೆದುಕೊಂಡು ಹೋಗಿ, ಕೈಯಲ್ಲಿದ್ದ ಪೆನ್ನಿನ ತುದಿಯಿಂದ ತೋರಿಸಿ ಕೇಳಿದರು.

“ನಿಮ್ಮ ಚಿಕ್ಕಮ್ಮ ಬಿದ್ದಿದ್ದು ಗೆರೆಯಿಂದ ಆಚೆನಾ, ಈಚೆನಾ?”

“ಆಚೆ. ಗೆರೆಗೆ ಒಂದು ಮೊಳ ದೂರದಲ್ಲಿ.”

“ಹಾಗಾದ್ರೆ ನಮ್ಮದಲ್ಲಮ್ಮ.”

“ಅವರ ಚಪ್ಪಲಿ ಬಂದು ಈಚೆ ಬಿತ್ತಲ್ಲ ಸಾರ್?”

“ಚಪ್ಪಲೀನ ಅಪಘಾತ ಅಂತ ಬರ್ಕೊಳಕ್ಕಾಗಲ್ಲ” ಅಂದರು. ತಮಾಷೆಗೆ ಅಂದದ್ದಲ್ಲ.

ಸರಿ, ಆಚೆಯವರನ್ನೇ ಕೇಳೋಣವೆಂದು ಆ ಶಾಸಕರ ಕಚೇರಿಗೆ ಹೋದೆ. ಅಲ್ಲಿದ್ದವರು ಇನ್ನೂ ಬುದ್ಧಿವಂತರು. “ಅವರ ಓಟು ಎಲ್ಲಿ?” ಎಂದು ಕೇಳಿದರು. ನಮ್ಮ ಅಂಗಡಿಯ ಕಡೆ ಎಂದೆ. “ಮತ್ತೆ ಆ ಕಡೆಯೋರನ್ನೇ ಕೇಳಿ. ನಮ್ಮ ಕಡೆಗೆ ಅವರು ಬಂದಿದ್ದಾದ್ರೂ ಯಾಕೆ?”

“ಪಕ್ಕದ ಶಾಸಕರೇ ಕರ್ಕೊಂಡು ಬಂದು ಬಿಟ್ಟುಹೋದ್ರು ಸಾರ್.”

“ನಮಗೆ ತಿಳಿಸದೆ ಅವರು ಹಾಗೆ ಬಿಟ್ಟುಹೋಗೋ ಹಾಗಿಲ್ಲ” ಎಂದು ಅವರು ತಮ್ಮ ಮೇಲೆ ಗರಂ ಆದರು. ಚಿಕ್ಕಮ್ಮ ಏನೋ ಬೇಲಿ ಹಾರಿದ ದನ ಎಂಬಂತೆ ಮಾತಾಡಿದರು. ಅಲ್ಲಿಂದಲೂ ಬೆಪ್ಪಳ ಹಾಗೆ ವಾಪಸ್ಸು ಬಂದೆ.

ಶಾಸಕರೇ, ಗೆರೆಯ ವಿಷಯದಲ್ಲಿ ತಾವು ಇಷ್ಟು ನಿಷ್ಠುರರೆಂದು ನಂಬಲು ನಾನು ತಯಾರಿದ್ದೆ. ಆದರೆ ಅದೇ ವರದಿಯ ಆರೋಗ್ಯದ ಪುಟದಲ್ಲಿ ‘ಕ್ಷೇತ್ರದ ಜನರ ಮನೆಬಾಗಿಲಲ್ಲೇ ಫಿಸಿಯೋಥೆರಪಿ ಸೌಲಭ್ಯ’ ಎಂದು ಬರೆಸಿಕೊಂಡಿದ್ದೀರಲ್ಲ, ಆ ಆರೋಗ್ಯ ಕೇಂದ್ರ ಇರುವುದು ಎಲ್ಲಿ? ಬಿಳಿಗೆರೆಯ ಆಚೆ. ನಮ್ಮ ಅಂಗಡಿಯ ಎದುರಿಗೆ, ಆ ಬದಿಯಲ್ಲಿ. ಅಂದರೆ ಆಚೆ ಇರುವ ಆಸ್ಪತ್ರೆ ತಮ್ಮದು, ಆಚೆ ಮುರಿದ ಮೂಳೆ ತಮ್ಮದಲ್ಲ. ಒಳ್ಳೆಯದನ್ನು ಎಳೆದುಕೊಳ್ಳುವಾಗ ಉದ್ದವಾಗುವ ಕೈ, ಕೆಟ್ಟದ್ದನ್ನು ಕೇಳಿದಾಗ ಜೇಬಿನೊಳಗೆ ಹೋಗುತ್ತದೆಯೇ? ಆ ಗೆರೆಯನ್ನು ದಾಟಬಾರದೆಂದಿದ್ದರೆ, ಫೋಟೋದ ದಿನ ತಾವಾದರೂ ಈಚೆಗೇ ನಿಂತು ಕೈಬೀಸಬಹುದಿತ್ತಲ್ಲವೇ? ಆ ಬದಿಯಿಂದ ಬೆಳಕು ಚೆನ್ನಾಗಿದೆಯೆಂದು ಕ್ಯಾಮೆರಾದವನು ಹೇಳಿದ್ದು ನನ್ನ ಕಿವಿಯಾರೆ ಕೇಳಿದ್ದೇನೆ. ಬೆಳಕಿಗೋಸ್ಕರ ಮತದಾರರೊಬ್ಬರನ್ನು ಪರಕ್ಷೇತ್ರಕ್ಕೆ ಸಾಗಿಸಿದ ಶಾಸಕರು ತಾವೊಬ್ಬರೇ ಇರಬೇಕು.

ಇಷ್ಟು ಹೊತ್ತು ವ್ಯಂಗ್ಯವಾಡಿದೆ. ಈಗ ನಿಜವಾಗಿ ಆಗಬೇಕಾದ ಕೆಲಸದ ಮಾತು.

ಚಿಕ್ಕಮ್ಮನ ಮೂಳೆ ಕೂಡಿಸಿದ್ದಾರೆ. ಆದರೆ ವಾರಕ್ಕೆ ಮೂರು ದಿನ ಅದೇ ಆರೋಗ್ಯ ಕೇಂದ್ರಕ್ಕೆ ಹೋಗಿ ಕಾಲಿಗೆ ಅಭ್ಯಾಸ ಮಾಡಿಸದಿದ್ದರೆ ಅವರು ಮತ್ತೆ ನೆಟ್ಟಗೆ ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಇಸ್ತ್ರಿ ಕೂತು ಮಾಡುವ ಕೆಲಸವಲ್ಲ. ಮೊದಲ ದಿನ ವಾಕರ್ ಹಿಡಿಸಿ ಅಂಗಡಿಯ ಮೆಟ್ಟಿಲಿಳಿಸಿದೆ. ನಡುಗೆರೆಯ ಹತ್ತಿರ, ಪಟ್ಟೆಯ ತುದಿಗೆ ಬಂದು ನಿಂತರು, ಮುಂದಕ್ಕೆ ಹೆಜ್ಜೆ ಇಡಲಿಲ್ಲ.

“ನಾನೇ ಹಿಡ್ಕೊಂಡಿದ್ದೀನಲ್ಲ, ಬಾ ಚಿಕ್ಕಮ್ಮ.”

“ನಿನ್ನ ಮುಖ ನೋಡಿ ಯಾವ ಗಾಡಿ ನಿಲ್ಲುತ್ತೆ ಹೇಳು? ಅವತ್ತು ಅವರ ಜೊತೆ ಹೋಗುವಾಗ ಅಷ್ಟು ದೊಡ್ಡ ಬಸ್ಸು ಕೂಡ ತೆಪ್ಪಗೆ ನಿಂತಿತ್ತು ಕಣೇ. ಅವರೇ ಬರಲಿ, ಬರ್ತೀನಿ.”

ನನಗೆ ನಗು ಬಂತು. ಮುಖ ನೋಡಿದ ಮೇಲೆ ನಗು ನಿಂತಿತು. ಅವರು ತಮ್ಮನ್ನು ಗೇಲಿ ಮಾಡುತ್ತಿರಲಿಲ್ಲ, ಮನಸಾರೆ ನಂಬಿ ಹೇಳುತ್ತಿದ್ದರು. ಒಂದೊಂದು ಗಾಡಿ ಹೋದಾಗಲೂ ವಾಕರನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ನಾನು ಹುಟ್ಟಿದಾಗಿನಿಂದ ಅವರು ಯಾವುದಕ್ಕೂ ಹೆದರಿದ್ದನ್ನು ಕಂಡವಳಲ್ಲ. ನಡುರಸ್ತೆಯಲ್ಲಿ ನಿಂತು ಅತ್ತುಬಿಟ್ಟೆ, ಸಿಟ್ಟಿಗೋ ದುಃಖಕ್ಕೋ ಗೊತ್ತಿಲ್ಲ. ಅವತ್ತು ಅವರನ್ನು ಮತ್ತೆ ಒಳಗೆ ಕರೆತಂದು ಕೂರಿಸಿದೆ. ಇವತ್ತಿನವರೆಗೂ ಅವರು ಆ ಕಡೆ ಹೋಗಿಲ್ಲ. ಕಾಲು ದಿನದಿಂದ ದಿನಕ್ಕೆ ಬಿಗಿಯುತ್ತಿದೆ.

ಆದ್ದರಿಂದ ನನ್ನ ಬೇಡಿಕೆ ಸ್ಪಷ್ಟವಾಗಿದೆ. ಆಚೆಯ ಶಾಸಕರೂ ತಾವೂ ಒಂದು ಕಡೆ ಕೂತು ಉಳಿದರ್ಧ ಪಟ್ಟೆ ಬಳಿಸಿ, ಆ ಬದಿಗೂ ಒಂದು ಕಂಬ ನೆಡಿಸಿ. ಅದಕ್ಕೆ ಸಭೆ, ಮಂಜೂರಾತಿ, ಶಂಕುಸ್ಥಾಪನೆ ಎಂದೆಲ್ಲ ಸಮಯ ಹಿಡಿಯುತ್ತದೆಂದು ನನಗೆ ಗೊತ್ತು, ಮೂಳೆ ಅಷ್ಟು ಕಾಯುವುದಿಲ್ಲ. ಅಲ್ಲಿಯವರೆಗೆ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ತಾವೇ ನಮ್ಮ ಅಂಗಡಿಗೆ ಬರಬೇಕು. ಪೊಲೀಸರನ್ನು ಕರೆತನ್ನಿ, ಕ್ಯಾಮೆರಾದವನನ್ನೂ ಕರೆತನ್ನಿ, ನಮ್ಮದೇನೂ ಅಡ್ಡಿಯಿಲ್ಲ. ಚಿಕ್ಕಮ್ಮನ ಕೈ ಹಿಡಿದು ಆ ಕಡೆಗೆ ದಾಟಿಸಿ. ಅಭ್ಯಾಸ ಮುಗಿಯುವವರೆಗೆ ಹೊರಗಿನ ಬೆಂಚಿನ ಮೇಲೆ ರೋಗಿಗಳ ಮನೆಯವರ ಜೊತೆ ಕೂತಿರಿ. ಮುಗಿದ ಮೇಲೆ ಕಾರು ಹತ್ತಬೇಡಿ. ಮತ್ತೆ ಅವರ ಕೈ ಹಿಡಿದುಕೊಂಡು, ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತಾ ಈ ಕಡೆಗೆ ಬನ್ನಿ. ಅವರು ಮೆಟ್ಟಿಲು ಹತ್ತಿ ಒಳಗೆ ಹೋದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಹೊರಡಿ.

ಇಂತಿ,
ಗೆರೆಯ ಈಚೆಗಿರುವಷ್ಟು ಹೊತ್ತು ತಮ್ಮ ಕ್ಷೇತ್ರದವಳಾದ,
ಇಸ್ತ್ರಿ ಅಂಗಡಿಯ ಹೊಲಿಗೆಯವಳು