ನಾಲ್ಕು ತಿಂಗಳಲ್ಲಿ ಕಲಿತವಳು

ಪುಟ್ಟೇನಹಳ್ಳಿ, ಯಲಹಂಕ
೧೬ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ರುಖ್ಸಾರ್,

ಹೇಗಿದ್ದೀಯ? ನಿಮ್ಮ ಅಮ್ಮಿಯ ಮಂಡಿನೋವು ಕಡಿಮೆಯಾಯಿತಾ? ನಿನ್ನ ಮೆಸೇಜಿಗೆ ಉತ್ತರ ಕೊಡದೆ ಇಷ್ಟು ದಿನ ಸುಮ್ಮನಿದ್ದುದಕ್ಕೆ ಬೇಕಾದಷ್ಟು ಬೈದುಕೋ. ಫೋನಿನಲ್ಲಿ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಕಾಗದವೇ ವಾಸಿ ಎನ್ನಿಸಿತು.

ನೀನು ನೇರವಾಗಿ ಕೇಳಿದ್ದೆ. ಆರ್.ಟಿ. ನಗರದಲ್ಲಿ ನೀನು ಕಲಿಸುವ ನಾಲ್ಕು ತಿಂಗಳ ಗ್ರಾಫಿಕ್ ಡಿಸೈನ್ ಕೋರ್ಸು ಮುಗಿಸಿದವರು ನಿಜವಾಗಿ ಕೆಲಸಕ್ಕೆ ತಯಾರಾಗಿರುತ್ತಾರಾ ಎಂದು. "ನಿನ್ ತಂಗಿ ನಿನ್ ಪಕ್ಕದಲ್ಲೇ ಕೂತಿರ್ತಾಳಲ್ಲ, ಮುಲಾಜಿಲ್ದೆ ಹೇಳು ಕಣೇ" ಅಂದಿದ್ದೆ. ಮುಲಾಜಿಲ್ಲದೆಯೇ ಬರೆಯುತ್ತೇನೆ.

ದಿವ್ಯಳನ್ನು ನಿನ್ನ ಹತ್ತಿರ ಕಳಿಸಿದ್ದು ನಾನೇ. ಮೊಬೈಲ್ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಬೇಸತ್ತಿದ್ದಳು. ಮದುವೆ ಕಾರ್ಡು, ಬ್ಯಾನರ್ ಮಾಡುವಷ್ಟು ಕಲಿತರೆ ಸಾಕು ಅಂದುಕೊಂಡಿದ್ದೆ. ಅವಳು ನಮ್ಮ ಹೆಬ್ಬಾಳದ ಡಿಸೈನ್ ಸ್ಟುಡಿಯೋಗೇ ಬಂದು ಕೂರುತ್ತಾಳೆಂದು ಎಣಿಸಿರಲಿಲ್ಲ. ನಮ್ಮ ಬಾಸ್ ಅಶ್ವತ್ಥ್ ಮೊದಲು ಅವಳನ್ನು "ನಿಮ್ ತಂಗಿ" ಅನ್ನುತ್ತಿದ್ದರು. ಈಗ ನನ್ನನ್ನು ಹೊಸಬರಿಗೆ "ದಿವ್ಯ ಅವರ ಅಕ್ಕ" ಎಂದು ಪರಿಚಯಿಸುತ್ತಾರೆ.

ಹುಣಸಮಾರನಹಳ್ಳಿಯ ಮುನಿಯಲ್ಲಪ್ಪನವರು ದ್ರಾಕ್ಷಿ ರಸದ ವ್ಯಾಪಾರ ಶುರುಮಾಡಿದ್ದಾರೆ. ಅವರ ಬಾಟಲಿಗೆ ಲೇಬಲ್ ಬೇಕಿತ್ತು. ಅಶ್ವತ್ಥ್ ನಮ್ಮಿಬ್ಬರಿಗೂ ಮಾಡಲು ಹೇಳಿದರು. ನಾನು ಅವರ ತೋಟಕ್ಕೇ ಹೋಗಿ ಕೂತು ಬಳ್ಳಿ, ಎಲೆಯ ನರ, ಗೊಂಚಲಿನ ಮೇಲಿನ ಬಿಳಿ ಪುಡಿ ಎಲ್ಲವನ್ನೂ ಕೈಯಲ್ಲೇ ಬಿಡಿಸಿದೆ. ನಮ್ಮ ಚಿತ್ರಕಲಾ ಕಾಲೇಜು ಬಿಟ್ಟ ಮೇಲೆ ಅಷ್ಟು ಮನಸ್ಸಿಟ್ಟು ಏನನ್ನೂ ಬಿಡಿಸಿರಲಿಲ್ಲ. ದಿವ್ಯ ಮಾಡಿದ್ದು ಇಷ್ಟೇ: ಒಂದು ದೊಡ್ಡ ನೀಲಿ ಹಣ್ಣು, ಅದರೊಳಗೆ ಬಿಳಿಯಲ್ಲಿ "ದ್ರಾಕ್ಷಿ".

ಮುನಿಯಲ್ಲಪ್ಪನವರು ನಮ್ಮಿಬ್ಬರ ಲೇಬಲ್ ಅಂಟಿಸಿದ ಬಾಟಲಿಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಾಗಿಲವರೆಗೂ ಹಿಂದೆ ಸರಿದರು.

"ನಿಂದು ಬೋ ಚೆಂದಾಗೈತೆ ಕಣಮ್ಮ, ಮನೇಲಿ ಗ್ವಾಡೆಗಾಕ್ಕಬೌದು. ಆದ್ರೆ ಇಂಗೆ ದೂರ ನಿಂತ್ರೆ ಕಾಣಾದು ಆ ಮಗೀದೇ."

ದಿವ್ಯ ನನ್ನ ಮುಖ ನೋಡಿದಳು. ನಾನು ನಕ್ಕೆ. ಆ ನಗುವಿಗೆ ಎಷ್ಟು ಕಷ್ಟಪಟ್ಟೆ ಎಂದು ನಿನಗಲ್ಲದೆ ಯಾರಿಗೆ ಹೇಳಲಿ?

ಅವಳು ಎಲ್ಲಾದರೂ ಎಡವಲಿ ಎಂದು ಕಾಯತೊಡಗಿದೆ. ಎಡವಿದಳು ಕೂಡ. ಯಶವಂತಪುರದ ಪ್ರೆಸ್ಸಿನಿಂದ ಬಂದ ಮೊದಲ ಮಾದರಿಯಲ್ಲಿ ಆ ಹೊಳೆಯುವ ನೀಲಿ ಮಂಕಾಗಿ ಮಸಿಯಂತಾಗಿತ್ತು. ಕಂಪ್ಯೂಟರ್ ಪರದೆಯ ಬಣ್ಣಕ್ಕೆ ಬೆಳಕಿದೆ, ಕಾಗದದ ಬಣ್ಣಕ್ಕೆ ಇಂಕು ಮಾತ್ರ. ಆ ವ್ಯತ್ಯಾಸ ಅವಳ ಅನುಭವಕ್ಕೆ ಬಂದಿರಲಿಲ್ಲ. ಜೊತೆಗೆ "ಕ್ಷಿ" ಅಕ್ಷರವನ್ನು ಅಗಲ ಮಾಡಲು ಹೋಗಿ ಎಳೆದು ವಿಕಾರ ಮಾಡಿದ್ದಳು.

"ಅಕ್ಕಾ, ಸ್ಕ್ರೀನಲ್ಲಿ ಚೆನ್ನಾಗೇ ಇತ್ತು. ಈಗೇನ್ ಮಾಡ್ಲಿ?" ಅವಳು ಮಾದರಿಯನ್ನು ತಂದು ನನ್ನ ಮೇಜಿನ ಮೇಲಿಟ್ಟಳು.

ರುಖ್ಸಾರ್, ನನಗೆ ಒಳಗೊಳಗೇ ಹಬ್ಬ. ಆದರೂ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಪ್ರೆಸ್ಸಿಗೆ ಹೋದೆ. ಬಣ್ಣ ಹೊಂದಿಸಿದೆ, ಅಕ್ಷರವನ್ನು ಹೊಸದಾಗಿ ಬರೆದುಕೊಟ್ಟೆ. ಅವಳು ನನ್ನ ಭುಜಕ್ಕೆ ಅಂಟಿ ನಿಂತು ಕೇಳಿದ್ದೇ ಕೇಳಿದ್ದು: ಇದ್ಯಾಕೆ, ಹಂಗ್ ಮಾಡಿದ್ರೆ ಏನಾಗುತ್ತೆ? ಪ್ರೆಸ್ಸಿನವರನ್ನೂ ಬಿಡಲಿಲ್ಲ. ಮುಂದಿನ ಕೆಲಸವನ್ನು ಅವಳೊಬ್ಬಳೇ ಪ್ರೆಸ್ಸಿಗೆ ಕಳಿಸಿದಳು. ಒಂದೂ ತಪ್ಪಿರಲಿಲ್ಲ. ತಪ್ಪು ಹುಡುಕಲೆಂದೇ ನಾನು ಆ ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದ್ದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಿನ್ನ ಕೋರ್ಸು ಕೆಲಸದ ಬಾಗಿಲು ತೆರೆಸುತ್ತದೆ, ಅನುಮಾನವಿಲ್ಲ. ಆದರೆ ಪ್ರೆಸ್ಸು ಏನೆಂದು ತೋರಿಸುವುದಿಲ್ಲ, ಕನ್ನಡ ಅಕ್ಷರ ಬರೆಸುವುದಿಲ್ಲ. ಹೊಸ ಬ್ಯಾಚಿಗೆ ಇವೆರಡನ್ನೂ ಸೇರಿಸು. ಇನ್ನೊಂದು ಮಾತು. ನಾಲ್ಕು ತಿಂಗಳಾದ ಮೇಲೂ ನಾಚಿಕೆಯಿಲ್ಲದೆ ಕೇಳುವವರು ಉಳಿದುಕೊಳ್ಳುತ್ತಾರೆ; ಸರ್ಟಿಫಿಕೇಟು ಸಿಕ್ಕಿತೆಂದು ಬಾಯಿ ಮುಚ್ಚಿಕೊಂಡವರು ವರ್ಷದೊಳಗೆ ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಹಾಗೆ ಹೋದ ಇಬ್ಬರನ್ನು ನಮ್ಮ ಸ್ಟುಡಿಯೋದಲ್ಲೇ ಕಂಡಿದ್ದೇನೆ. ನಮ್ಮ ಐದು ವರ್ಷದ ಕಾಲೇಜು ದಂಡವಾಯಿತಾ ಎಂದು ಮಾತ್ರ ಕೇಳಬೇಡ. ಆ ಉತ್ತರ ಬರೆಯಲು ನನ್ನ ಕೈ ಏಳುತ್ತಿಲ್ಲ.

ಅಮ್ಮ ನಿನ್ನನ್ನು ನೆನೆಸಿಕೊಳ್ಳುತ್ತಿರುತ್ತಾರೆ. ಆತಿಫ್ ಪರೀಕ್ಷೆ ಚೆನ್ನಾಗಿ ಬರೆಯಲಿ, ನಿನ್ನ ಮಗನಿಗೆ ಈ ಚಿಕ್ಕಮ್ಮನ ಆಶೀರ್ವಾದ ಸದಾ ಇದೆ. ಹೊಸ ಬ್ಯಾಚಿನಿಂದ ನಿನಗೆ ಒಳ್ಳೆಯ ಹೆಸರು ಬರಲಿ.

ನಿನ್ನ
ಕಲಾವತಿ

ಮರೆತ ಮಾತು: ಮರೆತಿರಲಿಲ್ಲ, ಬರೆಯುವುದೋ ಬೇಡವೋ ಎಂದಿದ್ದೆ. ಮೊನ್ನೆ ಊಟಕ್ಕೆ ಕೂತಾಗ ದಿವ್ಯ ಹಿಗ್ಗಿನಿಂದ ಹೇಳಿದಳು: "ಕೊನೇ ದಿನ ರುಖ್ಸಾರ್ ಮಿಸ್ ಏನಂದ್ರು ಗೊತ್ತಾ ಅಕ್ಕಾ? ನಮ್ ಕಾಲದಲ್ಲಿ ಎಲ್ರೂ ಚೆನ್ನಾಗ್ ಬಿಡಿಸ್ತಿದ್ವಿ, ನಿನ್ ಥರ ಯೋಚ್ನೆ ಮಾಡೋರು ಒಬ್ರೂ ಇರ್ಲಿಲ್ಲ ಅಂದ್ರು." ಆ ಹುಡುಗಿಗೆ ಏನೂ ಹೊಳೆಯಲಿಲ್ಲ, ಅನ್ನ ಕಲೆಸುತ್ತಾ ನಗುತ್ತಿದ್ದಳು. ಐದು ವರ್ಷ ನಿನ್ನ ಪಕ್ಕದಲ್ಲೇ ಕೂತು ಬಿಡಿಸಿದೆ. ಪ್ರತಿ ಚಿತ್ರವನ್ನೂ ಮೇಷ್ಟರಿಗಿಂತ ಮೊದಲು ನಿನಗೆ ತೋರಿಸುತ್ತಿದ್ದೆ. ಒಬ್ಬರೂ ಅಂದರೆ, ನಾನೂ ಅಲ್ಲವಾ ರುಖ್ಸಾರ್?