ನಿಂತೇ ಹೇಳಿದ ಮಾತು

ಮಲ್ಲತ್ತಹಳ್ಳಿ,
12-1-2025, ಭಾನುವಾರ

ಪ್ರೀತಿಯ ಮಗಳು ಸ್ಪಂದನಳಿಗೆ,

ಅಮ್ಮ ಕಾಗದ ಬರೆದಿದಾಳೆ ಅಂತ ಗಾಬರಿಯಾಗಬೇಡ. ಇಲ್ಲಿ ನಾನು, ನಿಮ್ಮಪ್ಪ ಇಬ್ಬರೂ ಚೆನ್ನಾಗಿದೀವಿ. ಮೂರು ವಾರದಿಂದ ಬರೀಬೇಕು ಬರೀಬೇಕು ಅಂತಲೇ ಇದ್ದೆ. ಭಾನುವಾರ ಬಂತು ಅಂದರೆ ಬಟ್ಟೆ ಒಗೆಯೋದು, ನೀರು ತುಂಬೋದು, ನೆಂಟರು. ತಡವಾಯ್ತು, ಬೇಜಾರು ಮಾಡ್ಕೋಬೇಡ. ಫೋನಿನಲ್ಲಿ ಹೇಳೋಣ ಅಂದರೆ ‘ಊಟ ಆಯ್ತಾ, ಹುಷಾರಾಗಿದೀಯಾ’ ಅನ್ನೋದರೊಳಗೆ ನಿನ್ನ ಹಾಸ್ಟೆಲ್ ಮಕ್ಕಳು ಕರೆದುಬಿಡ್ತಾರೆ.

ಹಾವೇರಿಯಲ್ಲಿ ನೀನು ಮಕ್ಕಳಿಗೆ ಪಿ.ಟಿ. ಮೇಡಂ. ಇಲ್ಲಿ ನಿಮ್ಮಮ್ಮನೂ ಪಿ.ಟಿ. ಮೇಡಂ ಆಗಿದಾಳೆ ಅಂದರೆ ನಂಬ್ತೀಯಾ? ನಗಬೇಡ, ಮೊದಲಿಂದ ಹೇಳ್ತೀನಿ.

ಸೆಪ್ಟೆಂಬರಿನಲ್ಲಿ ನನ್ನ ಬಲಗೈ ಜೋಮು ಹಿಡಿಯೋಕೆ ಶುರುವಾಯ್ತು. ನಾಯಂಡಹಳ್ಳಿ ಗಾರ್ಮೆಂಟ್ಸಿನಲ್ಲಿ ಇಪ್ಪತ್ತೆರಡು ವರ್ಷ ಶರ್ಟಿಗೆ ಕಾಲರ್ ಹಾಕಿದ ಕೈ, ಒಂದು ದಿನ ಕತ್ತರಿ ಹಿಡಿಯಲಾರದೆ ಬೀಳಿಸಿಬಿಟ್ಟಿತು. ನಿನಗೆ ಹೇಳಲಿಲ್ಲ. ಡಾಕ್ಟರು ನೋಡಿ, ಕತ್ತಿನ ನರ ಒತ್ತಿದೆ, ಫಿಸಿಯೋಥೆರಪಿಗೆ ಹೋಗಿ ಅಂದರು. ವಿಜಯನಗರ ಮಾರ್ಕೆಟ್ಟಿನ ಹತ್ತಿರ ಚೇತನಾ ಅಂತ ಒಬ್ಬ ಹುಡುಗಿ ನೋಡ್ತಾಳೆ, ನಿನ್ನದೇ ವಯಸ್ಸು. ಅವಳು ಸುಮ್ಮನೆ ನಿಂತ್ಕೊಳ್ಳಿ ಅಂತ ಹೇಳಿ, ಪಕ್ಕದಿಂದ ಒಂದು ಫೋಟೋ ತೆಗೆದು ತೋರಿಸಿದಳು.

“ಆಂಟಿ, ಇದು ಯಾರು ಹೇಳಿ?”

ನಮ್ಮಮ್ಮ ಸಾಯೋ ಕಾಲಕ್ಕೆ ಹಾಗಿದ್ದಳು ಕಣೇ. ಕತ್ತು ಮುಂದೆ, ಭುಜ ಒಳಗೆ, ಬೆನ್ನು ಗೂನು. ನನಗಿನ್ನೂ ನಲವತ್ತೊಂಬತ್ತು.

ಗೋಡೆಗೆ ಬೆನ್ನು ಕೊಟ್ಟು ನಿಲ್ಲೋದು ಅವಳು ಹೇಳಿಕೊಟ್ಟ ಮೊದಲ ಪಾಠ. ಹಿಮ್ಮಡಿ, ಸೊಂಟ, ಭುಜ, ತಲೆ, ನಾಲ್ಕೂ ಗೋಡೆಗೆ ತಾಗಬೇಕಂತೆ. ನನ್ನ ತಲೆ ಗೋಡೆಗೆ ತಾಗಲೇ ಇಲ್ಲ. “ಬಲವಂತ ಮಾಡ್ಬೇಡಿ ಆಂಟಿ, ನಿಧಾನಕ್ಕೆ ಬರುತ್ತೆ” ಅಂದಳು. ಬೆಳಿಗ್ಗೆ ಕುಕ್ಕರ್ ಕೂಗೋವರೆಗೂ ಅಡುಗೆಮನೆ ಗೋಡೆಗೆ ನಿಲ್ತಿದ್ದೆ. ನಿಮ್ಮಪ್ಪ “ಏನೇ ಇದು, ಯಾರು ಶಿಕ್ಷೆ ಕೊಟ್ಟಿದಾರೆ?” ಅಂತ ನಗೋರು. ಇಪ್ಪತ್ತಮೂರನೇ ದಿನ ತಲೆ ತಾಗಿತು. ಅವತ್ತು ಉಸಿರು ಹೊಟ್ಟೆವರೆಗೂ ಇಳಿದ ಹಾಗಾಯ್ತು. ಯಾಕೋ ಗೊತ್ತಿಲ್ಲ, ಅಳು ಬಂತು.

ನೋವೆಲ್ಲ ಹೋಯ್ತು ಅಂತ ಸುಳ್ಳು ಹೇಳಲ್ಲ. ಚಳಿಗೆ ಈಗಲೂ ಕೈ ಜೋಮು ಹಿಡಿಯುತ್ತೆ. ಆದರೆ ಬೇರೆ ಏನೋ ಆಯ್ತು. ಮೊದಲೆಲ್ಲ ಸಂಜೆ ನಾಲ್ಕಾದರೆ ತಲೆ ಮಂಕು, ಸೂಪರ್‌ವೈಸರ್ ಬೈದರೂ ಏನು ಬೈದ ಅಂತ ಅರ್ಥ ಆಗ್ತಿರಲಿಲ್ಲ. ಈಗ ಅರ್ಥ ಆಗೋಕೆ ಶುರುವಾಯ್ತು! ಬಸ್ಸಿನಲ್ಲಿ ಜನರ ಮುಖ ನೋಡ್ತೀನಿ. ಇಷ್ಟು ವರ್ಷ ಅವರ ಚಪ್ಪಲಿ ನೋಡ್ಕೊಂಡೇ ಓಡಾಡಿದೀನಿ ಅನ್ಸುತ್ತೆ.

ನನ್ನ ಪಕ್ಕದ ಮೆಷಿನ್‌ನಲ್ಲಿ ಮುತ್ತವ್ವ ಅಂತ ಕೊಪ್ಪಳದ ಕಡೆ ಹುಡುಗಿ ಇದಾಳೆ. ಇಪ್ಪತ್ತಾರು ವರ್ಷ, ಆಗಲೇ ಸೊಂಟ ಹಿಡ್ಕೊಂಡು ಏಳ್ತಾಳೆ. “ಅಕ್ಕಾರ, ನಡ ಹಿಡದೈತ್ರಿ, ಏಳಾಕ ಆಗವಲ್ದು” ಅಂದಳು ಒಂದು ದಿನ. ಅವಳನ್ನ ಪಕ್ಕದಿಂದ ನೋಡಿದೆ. ಅದೇ ಫೋಟೋ! ಇಡೀ ಲೈನ್ ನೋಡಿದೆ, ನಲವತ್ತು ಜನ, ನಲವತ್ತೂ ಅದೇ ಫೋಟೋ. ಎಲ್ಲರ ಕೆಳಗೂ ಬೆನ್ನಿಗೆ ಆಸರೆಯಿಲ್ಲದ ಕಬ್ಬಿಣದ ಸ್ಟೂಲ್.

ನವೆಂಬರಿನಲ್ಲಿ ನಮ್ಮ ಬಟ್ಟೆ ಕೊಳ್ಳೋ ಕಂಪನಿಯವರು ಬಂದರು. ವರ್ಷಕ್ಕೊಂದು ಸಲ ಬಂದು ‘ಏನಾದರೂ ತೊಂದರೆ ಇದೆಯಾ’ ಅಂತ ಕೇಳ್ತಾರೆ, ನಾವು ಇಲ್ಲ ಅಂತೀವಿ. ಹಾಗೆ ಹೇಳಬೇಕು ಅಂತ ಹಿಂದಿನ ದಿನವೇ ನಮಗೆ ತಾಕೀತು ಆಗಿರುತ್ತೆ. ಅವತ್ತೂ ಕೇಳಿದರು. ನಾನು ಎದ್ದು ನಿಂತೆ.

ಮ್ಯಾನೇಜರ್ ಸಾರ್ ಮುಖ ಬಿಗಿಯಿತು. “ಏನಮ್ಮಾ, ಕೂತ್ಕೊಂಡೇ ಹೇಳು.”

“ಇಲ್ಲ ಸಾರ್, ನಿಂತೇ ಹೇಳ್ತೀನಿ” ಅಂದೆ. ಹಿಮ್ಮಡಿ ಊರಿದೆ, ಭುಜ ಇಳಿಸಿದೆ, ಉಸಿರು ಬಿಟ್ಟೆ. ಮಾತು ತಾನಾಗೇ ಬಂತು. “ನಮಗೆ ಬೆನ್ನಿರೋ ಕುರ್ಚಿ ಬೇಕು ಸಾರ್. ನೀವು ಆಫೀಸಿನಲ್ಲಿ ಅಂಥದರಲ್ಲೇ ಕೂತ್ಕೋತೀರಿ. ಈ ಸ್ಟೂಲ್ ಮೇಲೆ ಒಂದು ಗಂಟೆ ಕೂತು ನೋಡಿ. ನಾವು ಒಂಬತ್ತು ಗಂಟೆ ಕೂರ್ತೀವಿ.”

ಬಂದವರು ಬರ್ಕೊಂಡರು, ಹೋದರು.

ಮಾರನೇ ದಿನ ನನ್ನ ಮೆಷಿನ್ ಬೇರೆಯವರಿಗೆ ಕೊಟ್ಟಿದ್ದರು. “ನಿಮಗೆ ನಿಂತ್ಕೊಳ್ಳೋದು ಇಷ್ಟ ಅಲ್ವಾ? ನಿಂತೇ ದಾರ ಕಟ್ ಮಾಡಿ” ಅಂದ ಸೂಪರ್‌ವೈಸರ್. ಹನ್ನೊಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೆ. ನಿಮ್ಮಪ್ಪ “ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡು, ಕೆಲಸ ಹೋದರೆ ಏನು ಮಾಡೋದು” ಅಂದರು. ತಪ್ಪು ಮಾಡಿಲ್ಲವಲ್ಲ, ಹೇಳಲಿಲ್ಲ.

ಹನ್ನೆರಡನೇ ದಿನ ಊಟದ ಹೊತ್ತಿಗೆ ಮುತ್ತವ್ವ ಒಂದು ಹಾಳೆ ತಂದಳು. ‘ವೆಂಕಟಲಕ್ಷ್ಮಮ್ಮನವರನ್ನು ವಾಪಸ್ ಲೈನಿಗೆ ಹಾಕಿ, ಎಲ್ಲರಿಗೂ ಕುರ್ಚಿ ಕೊಡಿ’ ಅಂತ ಬರೆದು, ಕೆಳಗೆ ನೂರಾ ಹದಿನಾರು ಸಹಿ. ಬರೆದವಳು, ಬಾಯಿ ಬಿಟ್ಟರೆ ಅಳೋ ಆ ಹುಡುಗಿ! ಅದನ್ನ ಮ್ಯಾನೇಜರ್ ಟೇಬಲ್ ಮೇಲೆ ಇಡೋಕೂ ಅವಳೇ ಹೋದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ನೆಟ್ಟಗೆ ನಡೆದು ಹೋದಳು ಕಣೇ.

ಕ್ರಿಸ್‌ಮಸ್ ಹಿಂದಿನ ದಿನ ಲಾರಿ ಬಂತು. ಎರಡು ಲೈನಿಗೆ ಎಂಬತ್ತು ಕುರ್ಚಿ, ಮಿಕ್ಕವು ಯುಗಾದಿಗೆ ಅಂದಿದಾರೆ, ನೋಡೋಣ. ನನಗೂ ನನ್ನ ಮೆಷಿನ್ ವಾಪಸ್ ಸಿಕ್ಕಿತು. ಹನ್ನೊಂದಕ್ಕೆ, ನಾಲ್ಕಕ್ಕೆ ಐದೈದು ನಿಮಿಷ ಮೆಷಿನ್ ನಿಲ್ಲಿಸಿ ಎಲ್ಲರೂ ಏಳಬೇಕು. ನೆಟ್ಟಗೆ ಕೂತರಷ್ಟೇ ಸಾಲದು, ಆಗಾಗ ಮೈ ಬಿಚ್ಚಬೇಕು ಅಂತ ಚೇತನಾ ಹೇಳಿದ್ದಳು, ಅದನ್ನೂ ಆಮೇಲೆ ಮ್ಯಾನೇಜರ್ ಹತ್ತಿರ ಕೇಳಿದ್ದೆ. ಮುಂದೆ ನಿಂತು ಮಾಡಿಸೋದು ನಾನೇ. ಮುತ್ತವ್ವ “ಪಿ.ಟಿ. ಮೇಡಂ ಬಂದ್ರು ಏಳ್ರೀ” ಅಂತ ಕೂಗ್ತಾಳೆ. ಹೆಮ್ಮೆ ಅನ್ನೋದು ನನಗೆ ಮೊದಲು ಗೊತ್ತಿರಲಿಲ್ಲ. ಈಗ ಗೊತ್ತು, ಬಚ್ಚಿಡೋಕೂ ಹೋಗಲ್ಲ.

ನಿನ್ನ ಹುಡುಗಿಯರು ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದ ವಿಷಯ ಅಪ್ಪ ಬೀದಿಯಲ್ಲೆಲ್ಲ ಹೇಳ್ಕೊಂಡು ಬಂದರು. ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಗಟ್ಟಿಯಾಗಿ, ನಗ್ತಾ ಇರು ಕಂದಾ.

ಇಂತಿ ನಿನ್ನ ಅಮ್ಮ,
ವೆಂಕಟಲಕ್ಷ್ಮಮ್ಮ

ಕೊನೆಗೊಂದು ಮಾತು: ಇದನ್ನ ಮೇಲೆ ಬರೆಯೋಕೆ ಧೈರ್ಯ ಬರಲಿಲ್ಲ. ಮೂರು ವರ್ಷದ ಹಿಂದೆ ಮಾಗಡಿಯವರು ನಿನ್ನನ್ನ ನೋಡೋಕೆ ಬಂದಾಗ, ಹುಡುಗ ನಿನಗಿಂತ ಕುಳ್ಳ ಅಂತ ಗೊತ್ತಾಗಿ, ನಾನು ಅಡುಗೆಮನೆಯಲ್ಲಿ ನಿನ್ನ ಭುಜ ಒತ್ತಿ “ಸೀರೆ ಒಳಗೆ ಮಂಡಿ ಬಗ್ಗಿಸಿ ನಿಂತ್ಕೋ, ಯಾರಿಗೂ ಕಾಣಲ್ಲ” ಅಂದೆ. ನೀನು ಹಾಗೇ ನಿಂತೆ, ಅರ್ಧ ಗಂಟೆ. ಆಮೇಲೂ ಅವರು ಬೇಡ ಅಂದರು. ನೀನು ಹಾವೇರಿಗೆ ಹೋದವಳು ಮನೆಯಲ್ಲಿ ಎರಡು ರಾತ್ರಿ ಒಟ್ಟಿಗೆ ಉಳಿದಿಲ್ಲ. ಅವರು ಬೇಡ ಅಂದಿದ್ದಕ್ಕೆ ನಿನಗೆ ನೋವು ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ನೋಯಿಸಿದ್ದು ಅವರಲ್ಲ, ನಾನು. ಆ ಮಾತು ನಾನು ಹೇಳಬಾರದಿತ್ತು ಮಗಳೇ.